ಚೌಡಮ್ಮನ ತಿರುವಿನಲ್ಲಿ ಬೆಂಕಿಯಿಲ್ಲದ ಆರತಿ

ಮಾರ್ಚ್ ೯, ಭಾನುವಾರ, ಬೆಳಿಗ್ಗೆ ೮.೧೦. ಗಾಜನೂರು ದಾಟಿದ ಮೇಲೆ, ಕಣಿವೆ ಕಾಣುವ ತಿರುವಿನಲ್ಲಿ ಹೊಸ ಕಾರು ನಿಲ್ಲಿಸಿದೆವು. ಹೋದ ಬೇಸಿಗೆಯ ಕಾಡ್ಗಿಚ್ಚಿಗೆ ಇಲ್ಲಿನ ಮರಗಳು ಎದೆಯೆತ್ತರದವರೆಗೆ ಕರಕಲಾಗಿವೆ. ಮೇಲೆಲ್ಲ ಹೊಸ ಚಿಗುರು. ಕರಕಲು ಮರಗಳನ್ನು ಎಣಿಸುತ್ತ ನಾನು ಮೂವತ್ತೆರಡಕ್ಕೆ ಬಂದಿದ್ದೆ. ಅಷ್ಟರಲ್ಲಿ ಅಮ್ಮ ರಸ್ತೆಬದಿಯ ಚೌಡಮ್ಮನ ಕಲ್ಲಿನ ಮುಂದೆ ಕರ್ಪೂರ, ಬೆಂಕಿಪೊಟ್ಟಣ ತೆಗೆದರು. ಅರಣ್ಯ ಕಾವಲುಗಾರ ಓಡಿಬಂದ.

“ಅಮ್ಮಾ, ಕಡ್ಡಿ ಗೀರ್ಬೇಡಿ! ಹೋದ್ವರ್ಷ ಹಸಿ ಸೊಪ್ಪಲ್ಲಿ ಬಡಿದು ಬಡಿದು ಆರಿಸಿದೋನು ನಾನೇ.”

“ಆರತಿ ಆಗ್ದೆ ಹೊಸ ಗಾಡಿ ಚೌಡಮ್ಮನ್ನ ದಾಟಲ್ಲ ಮಾರಾಯ. ನಾನಂತೂ ಹತ್ತಲ್ಲ.”

ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಕಾವಲುಗಾರನೇ ನನ್ನ ಫೋನಿನ ಟಾರ್ಚ್ ಹಾಕಿಸಿ ತಟ್ಟೆಯಲ್ಲಿ ಇಡಿಸಿದ. ಅಮ್ಮ ಕಲ್ಲಿಗೆ ಬೆಳಗಿ ಕಾರಿನ ಕಡೆ ತಿರುಗುವಷ್ಟರಲ್ಲಿ ಭದ್ರಾವತಿಯ ಅತ್ತೆಯ ಕರೆ ಬಂದು ಫೋನು ರಿಂಗಾಯಿತು.

“ಗಂಟೆನೂ ಆಯ್ತಲ್ಲಮ್ಮ!” ಎಂದ ಆತ, ಟಾರ್ಚಿನ ಮೇಲೆ ಕೈಯಾಡಿಸಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡ.

ಅಮ್ಮ ಅರೆಮನಸ್ಸಿನಿಂದ ಕಾರು ಹತ್ತಿದರು. ಇಂಥ ಆರತಿ ಸಲ್ಲುತ್ತದೆಯೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಸಲ್ಲುವುದಿಲ್ಲ ಎಂದಾದರೆ ಮಾತ್ರ, ಅಮ್ಮನ ಕೈಗೆ ಸಿಗದಂತೆ ನನಗೊಬ್ಬನಿಗೇ ಬರೆಯಿರಿ.