ಮಸಿ ಒರೆಸದ ಉಂಗುರ

ಮೊನ್ನೆ ಚೆಂಬೂರಿನ ದವಾಖಾನೆಯಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಉಜ್ಜಿದಳು. ಸೂಜಿ ಚುಚ್ಚುವ ಮೊದಲೇ ನನ್ನ ಕಣ್ಣಲ್ಲಿ ನೀರು. ಇಷ್ಟು ಹೆದರಿಕೆಯೇ ಎಂದು ಅವಳು ನಕ್ಕಳು. ನನಗೆ ನೆನಪಾದದ್ದು ಲ್ಯಾಬಿನ ಮಾಮ...

ಹನ್ನೆರಡು ವರ್ಷಗಳ ಹಿಂದೆ ನಾನು ಉಪನಗರದ ಒಂದು ಸಣ್ಣ ಲ್ಯಾಬಿನಲ್ಲಿ ಹೊಸ ಇಂಜಿನಿಯರ್. ಉಪಗ್ರಹವನ್ನು ಆಕಾಶದಲ್ಲಿ ಮೆಲ್ಲಗೆ ತಳ್ಳುವ ಪ್ಲಾಸ್ಮಾ ಎಂಜಿನ್ ಎಷ್ಟು ವರ್ಷ ಬಾಳುತ್ತದೆ ಎಂದು ನೋಡುವುದು ನಮ್ಮ ಕೆಲಸ. ಗಾಳಿಯಿಲ್ಲದ ದೊಡ್ಡ ಟ್ಯಾಂಕಿನೊಳಗೆ ಅದನ್ನು ತಿಂಗಳುಗಟ್ಟಲೆ ಉರಿಸುತ್ತಿದ್ದೆವು. ಆ ಉರಿ ಎಂಜಿನ್ನಿನ ಬಾಯಿಗೆ ಹಾಕಿದ ಬಿಳಿ ಪಿಂಗಾಣಿ ಉಂಗುರವನ್ನೇ ದಿನದಿನವೂ ಸವೆಸುತ್ತಿತ್ತು. ಉಂಗುರ ಸವೆದುಹೋದರೆ ಎಂಜಿನ್ನಿನ ಕತೆ ಮುಗಿಯಿತು. ಹಾಗಾಗಿ ಪ್ರತಿ ಶನಿವಾರ ಟ್ಯಾಂಕ್ ತೆರೆದು ಉಂಗುರವನ್ನು ತೂಗುವುದು ರೂಢಿ.

ತೂಗುತ್ತಿದ್ದವರು ನಾವೆಲ್ಲ ಮಾಮ ಎಂದು ಕರೆಯುತ್ತಿದ್ದ ಹಿರಿಯರು. ಬೈಕುಲ್ಲಾದ ವರ್ಕ್‌ಶಾಪಿನಲ್ಲಿ ಅರ್ಧ ಆಯುಷ್ಯ ಲೇತ್ ಯಂತ್ರ ನಡೆಸಿ ಬಂದ ಉಡುಪಿ ಕಡೆಯವರು. ತೂಗುವ ಮೊದಲು ಬಟ್ಟೆಗೆ ಸ್ಪಿರಿಟ್ ಹಾಕಿ ಉಂಗುರವನ್ನು ಒರೆಸುತ್ತಿದ್ದರು. ಹೋಟೆಲಿನ ಟೇಬಲ್ ಒರೆಸಿದ ಹಾಗೆ ಒರೆಸುತ್ತೀರಲ್ಲ ಎಂದು ಚುಡಾಯಿಸುತ್ತಿದ್ದೆ. ನನಗದು ಹಳೇ ಕಾಲದವರ ಚಟ ಎನಿಸಿತ್ತು. ಓದಿದವಳ ಕೊಬ್ಬು, ಇನ್ನೇನು!

ಒಂದು ಶನಿವಾರ ಹೆಂಡತಿಯನ್ನು ಡಾಕ್ಟರರ ಬಳಿ ಕರೆದೊಯ್ಯಲು ಅವರು ಬೇಗ ಹೊರಟರು. ನಾನೇ ತೂಗಿದೆ, ಒರೆಸದೆ. ತೂಕ ಇಳಿದೇ ಇರಲಿಲ್ಲ! ಸವೆತ ನಿಂತಿತೆಂದು ಕುಣಿದಾಡಿದೆ. ರೂಢಿಯಂತೆ ಮಾಮನ ಹೆಸರಿನಡಿಯಲ್ಲೇ ತೂಕ ಬರೆದಿಟ್ಟೆ. ಲ್ಯಾಬಿನ ಸಾಹೇಬರು ಉಪಗ್ರಹ ಕಟ್ಟುವವರಿಗೆ ಅಂದೇ ಸುದ್ದಿ ಮುಟ್ಟಿಸಿಬಿಟ್ಟರು.

ಮುಂದಿನ ಶನಿವಾರ ಮಾಮ ಉಂಗುರವನ್ನು ಕೈಗೆತ್ತಿಕೊಂಡವರೇ ನನ್ನ ಮುಖ ನೋಡಿದರು.

"ಹೋದ ವಾರ ಇದನ್ನು ಒರ್ಸಿದ್ಯಾ ನೀನು?"

ನಾನು ತಲೆಯಾಡಿಸಿದೆ, ಇಲ್ಲವೆಂದು.

"ಟ್ಯಾಂಕಿನ ಗೋಡೆಯ ಮಸಿ ಹಾರಿ ಇದ್ರ ಮೇಲೆ ಕೂತ್ಕೊಳ್ತದೆ ಮಾರಾಯ್ತಿ. ನೀನು ಮಸಿಯನ್ನೂ ಸೇರಿಸಿ ತೂಗಿದ್ದಿ."

ಒರೆಸಿ ತೂಗಿದರು. ಸವೆತ ಎಲ್ಲೂ ನಿಂತಿರಲಿಲ್ಲ.

ಕೊಟ್ಟ ಸುದ್ದಿ ಸುಳ್ಳಾಯಿತೆಂದು ಸಾಹೇಬರು ಕೆಂಡವಾದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಾಮ ಹೇಳಿಬಿಟ್ಟರು: "ತೂಗಿದ್ದು ನಾನೇ ಸರ್. ಕಣ್ಣು ಮಂದ ಆಗಿದೆ. ಮಸಿ ಕಾಣ್ಲಿಲ್ಲ." ಆ ತಿಂಗಳೇ ಅವರನ್ನು ಕೆಲಸದಿಂದ ತೆಗೆದರು. ನಾನು ಸುಮ್ಮನೆ ನಿಂತಿದ್ದೆ... ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ದವಾಖಾನೆಯಿಂದ ಮನೆಗೆ ಬಂದವಳೇ ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಮಗಳು ಎತ್ತಿದಳು. ಹಳೆಯ ಲ್ಯಾಬಿನವಳು ಎಂದೆ.

"ಪಪ್ಪಾ ಹೋಗಿ ಎರಡು ವರ್ಷ ಆಯ್ತು ಆಂಟಿ," ಎಂದಳು. "ಲ್ಯಾಬ್ ಬಿಟ್ಟ ಮೇಲೆ ಯಾರೂ ಕೆಲಸ ಕೊಡ್ಲಿಲ್ಲ. ಕಣ್ಣು ವೀಕ್ ಇತ್ತಲ್ವಾ... ಆಪರೇಷನ್ ಮಾಡ್ಸಿ ಅಂದ್ರೆ ನಗ್ತಿದ್ರು, ಅಷ್ಟೇ."

ಅಂದರೆ ಮನೆಯವರಿಗೂ ಅವರು ನಿಜ ಹೇಳಿರಲಿಲ್ಲ.

"ಅವರ ಕಣ್ಣು ಚೆನ್ನಾಗೇ ಇತ್ತಮ್ಮ. ತಪ್ಪು ಮಾಡಿದ್ದು ನಾನು," ಎಂದೆ. ಎಲ್ಲವನ್ನೂ ಹೇಳಿದೆ. ಕೇಳಬೇಕಾದವರು ಇಲ್ಲದ ಮನೆಗೆ ಹೇಳಿದೆ.

ಅವಳು ಮೆಲ್ಲಗೆ ಕೇಳಿದಳು: "ಪಪ್ಪಾ ಇರುವಾಗ ಯಾಕೆ ಫೋನ್ ಮಾಡ್ಲಿಲ್ಲ ಆಂಟಿ?"