ಅಕ್ಕನ ಮಣೂಕ ಮತ್ತು ನನ್ನ ಮೇಲ್ ಸರ್ವರ್

ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಹಗಲೂ ರಾತ್ರಿ ಚಾಲೂ ಇರುತ್ತದೆ. ಅದೇ ನಮ್ಮ ಮೇಲ್ ಸರ್ವರ್. ಮನೆಮಂದಿಯ ಪತ್ರಗಳು ಯಾವುದೋ ದೊಡ್ಡ ಕಂಪನಿಯ ಕೈಯಲ್ಲಿರುವುದು ಬೇಡವೆಂದು ಹಟ ಹಿಡಿದು ನಾನೇ ಕಟ್ಟಿದ್ದು. ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾರುವ ಅಕ್ಕನಿಗೂ ಅದರಲ್ಲೇ ಒಂದು ವಿಳಾಸ ಕೊಟ್ಟಿದ್ದೆ.

ಕಳೆದ ಬೇಸಿಗೆಯಲ್ಲಿ ಅಕ್ಕ ಫೋನ್ ಮಾಡಿದಳು.

"ತಮ್ಮಾ, ಪುಣೆ ವ್ಯಾಪಾರಿ ಮಾಲಿನ ಫೋಟೊ, ಲ್ಯಾಬ್ ರಿಪೋರ್ಟ್ ಕೇಳ್ಯಾನ. ಕಳಿಸೇನಿ. ಬಂದಿಲ್ಲ ಅಂತಾನ. ಒಂಚೂರು ನೋಡ."

ನೋಡಿದೆ. ವ್ಯಾಪಾರಿಯ ಕಡೆಯ ಸರ್ವರ್ ಪತ್ರವನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿತ್ತು. ಸ್ಪ್ಯಾಮ್, ಅಂದರೆ ಕಸದ ಮೇಲ್ ಕಳಿಸುವವರ ಕಪ್ಪುಪಟ್ಟಿಯಲ್ಲಿ ನಮ್ಮ ಇಂಟರ್ನೆಟ್ ವಿಳಾಸವೂ ಸೇರಿತ್ತು. ನಾವು ಯಾರಿಗೂ ಕಸ ಕಳಿಸಿರಲಿಲ್ಲ. ಓಣಿಯಲ್ಲಿ ಯಾರದೋ ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದಕ್ಕೆ ಸುತ್ತಲಿನ ವಿಳಾಸಗಳನ್ನೆಲ್ಲ ಒಟ್ಟಿಗೇ ಸೇರಿಸಿಬಿಟ್ಟಿದ್ದರು. ತೆಗೆಯಿರಿ ಎಂದು ಪಟ್ಟಿಯವರಿಗೆ ಅರ್ಜಿ ಹಾಕಿದೆ. ತೆಗೆದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಸೇರಿಸಿದರು.

ಸಿಟ್ಟಿನಿಂದ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಹಚ್ಚಿದೆ.

"ನೆಟ್ ಚಾಲೂ ಐತಲ್ರಿ ಸರ್?" ಎಂದಳು ಆ ಕಡೆಯ ಹುಡುಗಿ.

"ನೆಟ್ ಐತ್ರಿ. ಮೇಲ್ ಹೋಗವಲ್ತು."

"ಮತ್ತ ಎಲ್ಲಾರೂ ಬಳಸೂ ಪುಕ್ಕಟೆ ಮೇಲ್ ಐತಲ್ರಿ, ಅದನ್ನ ಬಳಸ್ರಿ."

ಫೋನ್ ಇಟ್ಟೆ.

ಮರುದಿನ ಟಿಕೋಟಾಕ್ಕೆ ಹೋದೆ. ಅಕ್ಕ ಶೆಡ್ಡಿನಲ್ಲಿ ಹೆಣ್ಣಾಳುಗಳ ಜೊತೆ ಕುಳಿತು ಮಣೂಕದ ಕಡ್ಡಿ ಆರಿಸುತ್ತಿದ್ದಳು.

"ಆ ಪುಣೆಯಂವಾ ಬಬಲೇಶ್ವರದಾಗ ಬ್ಯಾರೆಯವ್ರ ಮಾಲು ತಗೊಂಡಾನಂತ," ಎಂದಳು ತಲೆಯೆತ್ತದೆ. "ಇರ್ಲಿ ಬಿಡು. ಚಹಾ ಕುಡಿತಿ?"

ಬೈದಿದ್ದರೆ ವಾದವನ್ನಾದರೂ ಮಾಡುತ್ತಿದ್ದೆ. ಅಲ್ಲೇ ಕುಳಿತು ಅವಳ ಫೋನಿನಲ್ಲಿ ಪುಕ್ಕಟೆ ವಿಳಾಸವೊಂದನ್ನು ನನ್ನ ಕೈಯಾರೆ ಮಾಡಿಕೊಟ್ಟೆ. ಎಷ್ಟು ಸಲೀಸಾಗಿ ಆಯಿತೆಂದರೆ, ಅದಕ್ಕೂ ಸಿಟ್ಟು ಬಂತು.

ಸರ್ವರ್ ಮಾತ್ರ ಬಂದ್ ಮಾಡಲಿಲ್ಲ. ಬರುವ ಪತ್ರ ಮನೆಗೇ ಬರುತ್ತದೆ; ಹೋಗುವುದನ್ನು ಈಗ ಕಪ್ಪುಪಟ್ಟಿಯಲ್ಲಿಲ್ಲದ ಬಾಡಿಗೆಯ ಬೇರೊಂದು ಸರ್ವರ್ ದಾಟಿಸುತ್ತದೆ. ಅರ್ಧ ಸೋತಂತೆಯೇ. ಹೊಸ ವ್ಯವಸ್ಥೆಯಿಂದ ಮೊದಲ ಪತ್ರವನ್ನು ಅಕ್ಕನ ಆ ಪುಕ್ಕಟೆ ವಿಳಾಸಕ್ಕೇ ಕಳಿಸಿ ಫೋನಿನಲ್ಲಿ ಕೇಳಿದೆ.

"ಬಂದೈತಿ," ಎಂದಳು. "ಆದ್ರ ಸ್ಪ್ಯಾಮಿನಾಗ ಬಿದ್ದಿತ್ತ ನೋಡ."

ಅದು ಸ್ಪ್ಯಾಮ್ ಅಲ್ಲವೆಂದು ಹೇಗೆ ಗುರುತು ಹಾಕಬೇಕೆಂದು ಹೇಳತೊಡಗಿದೆ. ಅಷ್ಟರಲ್ಲಿ ಮಣೂಕ ತೂಗುವವರು ಬಂದರೆಂದು ಅವಳು ಫೋನ್ ಇಟ್ಟಳು.