ಎಡಗಾಲಿನ ಚಿತ್ರ, ಬಲಗಾಲಿನ ನೋವು

ಮೂವತ್ತು ವರ್ಷ ಸುದ್ದಿ ಬರೆದವನಿಗೆ ಒಂದು ಚಟ ಉಳಿದುಬಿಡುತ್ತದೆ: ಬಾಯಿಮಾತಿಗಿಂತ ದಾಖಲೆಯನ್ನು ನಂಬುವುದು. ಈ ಚಟದಿಂದ ನನಗೆ ಎಂದೂ ತೊಂದರೆಯಾಗಿರಲಿಲ್ಲ, ಹೆಂಡತಿಯ ಮೊಣಕಾಲು ನೋಯುವವರೆಗೆ.

ಗಿರಿಜಾಳಿಗೆ ನೋಯುತ್ತಿದ್ದದ್ದು ಬಲ ಮೊಣಕಾಲು. ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು. ಇಷ್ಟೇ ಆಗಿದ್ದರೆ ಅವಳು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಭಾಗ್ಯನಗರದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಿದ್ದರೂ ಹೆಂಗಸರೆಲ್ಲ ನೆಲದ ಮೇಲೆ ಸುತ್ತುಗಟ್ಟಿ ಕೂತು ಖಡಕ್ ರೊಟ್ಟಿ ಬಡಿಯುತ್ತಾರೆ. ಮೊದಲ ರೊಟ್ಟಿ ಗಿರಿಜಾಳದು. ಇದನ್ನು ಯಾರೂ ಠರಾವು ಮಾಡಿಲ್ಲ, ಬಹಳ ವರ್ಷದಿಂದ ಹಾಗೇ ನಡೆದುಬಂದಿದೆ. ಈಗ ಎದುರುಮನೆಯ ಖಾಜಾಬಿಯ ಮಗಳ ಮದುವೆಗೆ ಎರಡು ತಿಂಗಳಿತ್ತು.

"ಆ ಸುತ್ತಿನ್ಯಾಗ ನಾ ಇರಬೇಕ್ರಿ. ಉಳಿದದ್ದು ಆಮ್ಯಾಲ ನೋಡೂಣು," ಎಂದಳು ಗಿರಿಜಾ.

ನಾನು ವಾಡಿಕೆಯಂತೆ ಮೊದಲು ಬಲ್ಲ ಮೂಲಗಳನ್ನು ಸಂಪರ್ಕಿಸಿದೆ. ಗಂಗಾವತಿಯ ಗೆಳೆಯ ಮೊಣಕಾಲಿಗೇ ಇಂಜೆಕ್ಷನ್ ಹಾಕಿಸು ಎಂದ. ಕುಷ್ಟಗಿಯ ಹಳೆಯ ಸಹೋದ್ಯೋಗಿ ಒಂದು ಎಣ್ಣೆಯ ಹೆಸರು ಹೇಳಿ, ಯಾರಿಗೂ ಹೇಳಬೇಡ ಎಂದ. ಎರಡೂ ಮೊಣಕಾಲು ಬದಲಿಸಿಕೊಂಡಿದ್ದ ಯಲಬುರ್ಗಾದ ಷಡ್ಡಕ ವಿಡಿಯೊ ಕರೆಯಲ್ಲೇ ಅಂಗಳದ ತುಂಬ ನಡೆದು ತೋರಿಸಿದ. ಇರಕಲ್ಲಗಡದ ಅತ್ತಿಗೆ ಎಲ್ಲಕ್ಕೂ ಬದನೆಕಾಯಿಯೇ ಕಾರಣ ಎಂದಳು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಸುದ್ದಿ ಬರೆಯಬಹುದು ಎಂಬುದು ನಮ್ಮ ನಿಯಮ. ಇಲ್ಲಿ ನಾಲ್ವರು ನಾಲ್ಕು ಮಾತು ಹೇಳಿದ್ದರು. ಟಿಪ್ಪಣಿ ಪುಸ್ತಕ ತುಂಬಿತು, ತಲೆ ಖಾಲಿಯಾಯಿತು.

ಕೊನೆಗೆ ಕೊಪ್ಪಳದ ಎಲುಬಿನ ಡಾಕ್ಟರರ ಬಳಿ ಹೋದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಲಗಾಲಿನಲ್ಲಿ ಸವೆತ ಸ್ವಲ್ಪ, ಎಡಗಾಲಿನಲ್ಲೇ ಹೆಚ್ಚು ಎಂದರು. ಎಡಗಾಲಿನ ಎಲುಬುಗಳ ನಡುವಿನ ಸಂದು ಕಿರಿದಾಗಿದ್ದು ನನಗೂ ಕಂಡಿತು. ನನ್ನೊಳಗಿನ ಸುದ್ದಿಮನೆ ಎದ್ದು ನಿಂತಿತು.

"ಡಾಕ್ಟರ, ಫಿಲ್ಮಿನ್ಯಾಗ ಎಡಾ ಬಲಾ ಅದಲ್ ಬದಲ್ ಆಗೇತಿ. ತಿದ್ದುಪಡಿ ಮಾಡಸ್ರಿ," ಎಂದೆ.

ಡಾಕ್ಟರು ಫಿಲ್ಮಿನ ಮೂಲೆಯ ಗುರುತು ತೋರಿಸಿದರು. "ಬರೋಬರಿ ಐತ್ರಿ ಸರ. ಫಿಲ್ಮು ಸವೆದದ್ದು ತೋರಸ್ತೈತಿ, ನೋವು ತೋರಸಂಗಿಲ್ಲ. ಎರಡೂ ಒಂದಕ್ಕೊಂದು ಹೊಂದಬೇಕಂತ ಏನಿಲ್ಲ."

ನಾನು ಗಿರಿಜಾಳ ಕಡೆ ತಿರುಗಿ, ನೋಯುತ್ತಿರುವುದು ಬಲಗಾಲು ಎಂಬುದು ಖಚಿತವೇ ಎಂದು ಕೇಳಿಬಿಟ್ಟೆ.

"ಕಾಲು ನಂದೈತಲ್ರಿ! ನಿಮ್ಮ ಕಾಗದಕ್ಕ ಹೊಂದಲಿ ಅಂತ ಎಡಗಾಲ ನೋಯಿಸ್ಕೊಳ್ಳೇನು?"

ಡಾಕ್ಟರು ನಗುತ್ತಲೇ ದಾರಿಗಳನ್ನು ಹೇಳಿದರು. ದಿನವೂ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ತೂಕ ಒಂದಿಷ್ಟು ಇಳಿಕೆ. ನೋವು ತಡೆಯಲಾಗದ ದಿನ, ಬರೆದುಕೊಟ್ಟಷ್ಟೇ ಮಾತ್ರೆ. ಇಂಜೆಕ್ಷನ್ನಿನಿಂದ ಕೆಲವರಿಗೆ ಕೆಲವು ದಿನ ಆರಾಮ ಸಿಗಬಹುದು. ಇದಾವುದಕ್ಕೂ ಬಗ್ಗದೆ ಓಡಾಟವೇ ನಿಂತರೆ ಆಪರೇಷನ್. ಸದ್ಯಕ್ಕೆ ಅದರ ಗಡಿಬಿಡಿ ಇಲ್ಲ.

ಗಿರಿಜಾ ಕೇಳಿದ್ದು ಒಂದೇ ಪ್ರಶ್ನೆ. "ಆಪರೇಷನ್ ಆದ ಮ್ಯಾಲ ನೆಲಕ್ಕ ಕುಂತು ರೊಟ್ಟಿ ಬಡೀಬಹುದೇನ್ರಿ?"

"ಆರಾಮ ನಡೀಬಹುದ್ರಿ ಅಮ್ಮಾರ. ನೆಲಕ್ಕ ಕುಂಡ್ರೂದು ಮಾತ್ರ ಬ್ಯಾಡಂತೀವಿ. ಈಗೂ ಬ್ಯಾಡ."

ಆಟೊದಲ್ಲಿ ಬರುತ್ತ ಡಾಕ್ಟರ ಮಾತನ್ನು ಬಿಡಿಸಿ ನೋಡಿದೆ. ನೆಲಕ್ಕೆ ಕೂರಬೇಕೆಂದರೆ ನೋವು ಹೋಗಬೇಕು. ನೋವು ಹೋಗಬೇಕೆಂದರೆ ನೆಲ ಬಿಡಬೇಕು. ಎಂಥೆಂಥ ಸರಕಾರಿ ಸುತ್ತೋಲೆಗಳನ್ನು ಬಿಡಿಸಿ ಓದುಗರಿಗೆ ತಿಳಿಸಿದ್ದ ನನಗೆ ಇದೊಂದು ತಿಳಿಯಲಿಲ್ಲ.

ಮರುದಿನ ಅವಳು ಅಡುಗೆಕಟ್ಟೆಯ ಮುಂದೆ ನಿಂತು ಬಡಿದು ನೋಡಿದಳು. ರೊಟ್ಟಿ ನಡುವೆಯೇ ಹರಿಯಿತು. "ನಿಂತ್ರ ಕೈಗೆ ತಿಳಿಯವಲ್ದು," ಎಂದು ಹಿಟ್ಟು ಮುಚ್ಚಿಟ್ಟಳು. ವ್ಯಾಯಾಮವನ್ನು ಮಾತ್ರ ಬಿಡಲಿಲ್ಲ. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಸುತ್ತಿಟ್ಟ ಟವೆಲ್ಲನ್ನು ಒತ್ತಿ ಹಿಡಿಯುವುದು. ಎಣಿಸುವುದು ನನ್ನ ಕೆಲಸ, ತಪ್ಪಿದಾಗ ತಿದ್ದುವುದು ಅವಳದು. ವಾರಗಳು ಕಳೆದಂತೆ ನೋವು ತಗ್ಗಿತು, ಆದರೆ ಹೋಗಲಿಲ್ಲ. ಬದನೆಕಾಯಿ ತಿಂದ ದಿನ, ತಿನ್ನದ ದಿನ ಎಂದು ಬರೆದಿಟ್ಟು ನೋಡಿದೆ. ಎರಡು ದಿನಕ್ಕೂ ವ್ಯತ್ಯಾಸ ಕಾಣಲಿಲ್ಲ.

ರೊಟ್ಟಿ ಬಡಿಯುವ ದಿನ ಬಂತು. ಎದುರಿನ ಅಂಗಳದಲ್ಲಿ ಹೆಂಗಸರು ಸೇರಿದ್ದರೂ ರೊಟ್ಟಿಯ ಸಪ್ಪಳವಿಲ್ಲ. ಗಿರಿಜಾ ನಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಖಾಜಾಬಿ ತಮ್ಮ ಮನೆಯ ಕುರ್ಚಿಯೊಂದನ್ನು ಎತ್ತಿ ತಂದು ಅಂಗಳದ ನಡುವೆ ಇಟ್ಟರು.

"ಬರ್ರಿ ಅಕ್ಕಾರ. ನಮ್ಮ ಮನಿಯವರ ಮೊಣಕಾಲೂ ಹಿಂಗ ಅದಾವು. ಅವರ ನಮಾಜು ಈ ಕುರ್ಚಿ ಮ್ಯಾಲ ಆಗತೈತಿ, ನಿಮ್ಮ ರೊಟ್ಟಿ ಆಗಂಗಿಲ್ಲೇನು?"

ಕುರ್ಚಿಯ ಮುಂದೊಂದು ಸ್ಟೂಲು, ಸ್ಟೂಲಿನ ಕೆಳಗೆ ಇಟ್ಟಿಗೆ, ಮೇಲೆ ಹಲಗೆ. ಎತ್ತರ ಹೆಚ್ಚಾಯಿತೆಂದು ಒಂದೊಂದು ಇಟ್ಟಿಗೆ ತೆಗೆದರು. ಗಿರಿಜಾ ಬಲಗಾಲನ್ನು ಮುಂದಕ್ಕೆ ಚಾಚಿ ಕೂತು, ಹಿಟ್ಟಿನ ಮೇಲೆ ಕೈ ಇಟ್ಟಳು. ಎಲ್ಲರೂ ಕಾದರು. ರೊಟ್ಟಿ ಅಗಲವಾಗುತ್ತ ಹೋಯಿತು. ಅಂಚು ಹರಿಯಲಿಲ್ಲ. ಅದು ಹೆಂಚಿಗೆ ಬಿದ್ದ ಮೇಲೆ ಉಳಿದ ಕೈಗಳೂ ಬಡಿಯತೊಡಗಿದವು.

ಬೆಂದ ರೊಟ್ಟಿಗಳನ್ನು ಬಟ್ಟೆಯ ಮೇಲೆ ಹರವುವ ಕೆಲಸ ನನಗೆ ಬಂತು. ನೆಲಕ್ಕೆ ಕೂತು ಶಿಸ್ತಿನಿಂದ ಹರವಿದೆ. ಏಳುವಾಗ ಮೊಣಕಾಲು ಲಟಕ್ ಎಂದಿತು. ಅಂಗಳವೇ ನನ್ನ ಕಡೆ ತಿರುಗಿತು.

"ಯಾವ ಕಾಲ್ರೀ?" ಕುರ್ಚಿಯ ಮೇಲಿನಿಂದ ಗಿರಿಜಾ ಕೇಳಿದಳು.

"ಎಡಗಾಲು."

"ಹಂಗಾರ ಬಲಗಾಲಿನ ಫಿಲ್ಮ್ ತಗಸ್ರಿ!"

ಹೆಂಗಸರ ನಗು ಓಣಿಯ ತುದಿಯವರೆಗೆ ಕೇಳಿಸಿರಬೇಕು. ನಾನು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ದಿನಾಂಕ ಹಾಕಿದೆ. ಈ ಸಲ ದಾಖಲೆಗೆ ಕಾಯಲಿಲ್ಲ. ನೊಂದವನ ಹೇಳಿಕೆಯನ್ನೇ ನಂಬಿ ಬರೆದುಕೊಂಡೆ.